ಅರವತ್ಮೂರನ್ನು ಕೊಡದ ಉಸ್ತಾ ವಹ್ದಾನ್

ಡೀನ್ ಅವರ ಮುಂದೆ ನಾನು ತಲೆಬಾಗಿ ನಿಂತದ್ದು ಹನ್ನೊಂದು ನಿಮಿಷ. ವಿನಯದಿಂದಲ್ಲ, ಟೈ ಸಿಕ್ಕಿಕೊಂಡಿತ್ತು.

ಕೈರೋದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ನೆಲಮಾಳಿಗೆಯಲ್ಲಿ ಹದಿನೇಳನೇ ನಂಬರಿನ ಕೋಣೆಯೊಂದಿದೆ. ಅಲ್ಲಿ ವಿದ್ಯಾರ್ಥಿಗಳು ಸ್ಪರ್ಧೆಗೆಂದು ರೋಬೋಟ್ ಕಟ್ಟುತ್ತಾರೆ. ಅವರಿಗೆ ಮಾರ್ಗದರ್ಶಕ ನಾನು, ಡಾಕ್ಟರ್ ಹಿಲ್ಮಿ. ದಾರಿ ಗೊತ್ತಿಲ್ಲದವರಿಗೆ ನಮ್ಮ ಕಾಲೇಜಿನಲ್ಲಿ ಕೊಡುವ ಹುದ್ದೆ ಅದು. ಆ ವರ್ಷದ ರೋಬೋಟಿಗೆ ಒಂದು ಉದ್ದನೆಯ ತೋಳು, ತೋಳಿನ ತುದಿಗೆ ಬುಟ್ಟಿ, ಬುಟ್ಟಿಯಲ್ಲಿ ಚೆಂಡು. ತೋಳಿನ ಬುಡದಲ್ಲಿ ಗಾಳಿ ಸಿಲಿಂಡರ್. ಅಡುಗೆಮನೆಯ ಸಿಲಿಂಡರ್ ಅಲ್ಲ, ಇದು ಸೈಕಲ್ ಪಂಪಿನ ತಿರುವುಮುರುವು. ಪಂಪಿನಲ್ಲಿ ಹಿಡಿಕೆ ತಳ್ಳಿದರೆ ಗಾಳಿ ಬರುತ್ತದೆ. ಇದರಲ್ಲಿ ಗಾಳಿ ಕೊಟ್ಟರೆ ರಾಡು ಹೊರಗೆ ಬರುತ್ತದೆ. ಇನ್ನೊಂದು ಬಾಯಿಂದ ಗಾಳಿ ಕೊಟ್ಟರೆ ಅದೇ ರಾಡು ಒಳಗೆ ಹೋಗುತ್ತದೆ.

ಡೀನ್ ನೋಡಲು ಬಂದ ದಿನ ನಾನು ಬಗ್ಗಿ, "ಈ ರಾಡನ್ನ ಗಮನಿಸಿ ಸಾರ್," ಎಂದು ಬೆರಳು ತೋರಿಸಿದೆ. ಕಿರೋಲ್ಲೋಸ್ ಎಂಬ ಹುಡುಗ ವಾಲ್ವ್ ಒತ್ತಿದ. ರಾಡು ಹೊರಗೆ ಬಂತು. ಒಳಗೆ ಹೋಯಿತು. ಹೋಗುವಾಗ ನನ್ನ ಟೈಯನ್ನೂ ಕರೆದುಕೊಂಡು ಹೋಯಿತು.

"ಡಾಕ್ಟರ್ ಹಿಲ್ಮಿ, ಇಷ್ಟೊಂದು ಗೌರವ ಬೇಡ, ಏಳಿ," ಎಂದರು ಡೀನ್.

"ಆಗ್ತಾ ಇಲ್ಲ ಸಾರ್."

ಹೀಗಾಗಿ ಆ ದಿನದ ಮುಖ್ಯ ಸುದ್ದಿಯನ್ನು ಅವರು ನನ್ನ ಹಿಂಗುತ್ತಿಗೆಗೆ ಹೇಳಬೇಕಾಯಿತು. ಪರೀಕ್ಷೆ ಹತ್ತಿರ ಬಂದಿದೆ. ಉತ್ತರಪತ್ರಿಕೆ ತಿದ್ದುವ ಕಂಟ್ರೋಲ್‌ನವರಿಗೆ ಕೋಣೆ ಸಾಲುತ್ತಿಲ್ಲ. ನಮ್ಮ ತಂಡ ಎರಡು ವರ್ಷದಿಂದ ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತಿದೆ. "ಈ ಸಲ ಮೊದಲ ಆರರಲ್ಲಿ ಬಂದ್ರೆ ಹದಿನೇಳನೇ ಕೋಣೆ ನಿಮ್ಮದು. ಇಲ್ಲಾಂದ್ರೆ ಸ್ಪರ್ಧೆಯ ಮಾರನೇ ದಿನ ಬೀಗದ ಕೈ ನನ್ನ ಮೇಜಿನ ಮೇಲಿರಬೇಕು."

"ಆಗಲಿ ಸಾರ್," ಎಂದೆ ನೆಲಕ್ಕೆ.

ಕೊನೆಗೆ ತಂಡದ ನಾಯಕಿ ರಗ್ದಾ ಕತ್ತರಿ ತಂದು ಟೈ ಕತ್ತರಿಸಿದಳು. ಸಿಲಿಂಡರ್ ಕಾಲೇಜಿನ ಬೇರೊಂದು ಪ್ರಯೋಗಾಲಯದ್ದು. ಅದರ ಬಾಯಲ್ಲಿ ರೇಷ್ಮೆ ಬಟ್ಟೆ ನೋಡಿದ ಅಲ್ಲಿನ ಮೇಲ್ವಿಚಾರಕ ಅದನ್ನು ಬಿಚ್ಚಿಕೊಂಡು ಹೋದ. ಸ್ಪರ್ಧೆಗೆ ಹನ್ನೆರಡು ದಿನವಿತ್ತು. ರೋಬೋಟಿಗೆ ತೋಳಿತ್ತು, ತೋಳಿಗೆ ಬಲವಿರಲಿಲ್ಲ.

ಕೋಣೆ ಹೋದರೆ ಏನಾಗುತ್ತದೆಂದು ಹುಡುಗರಿಗೆ ಗೊತ್ತಿತ್ತು. ಪಕ್ಕದ ಕಾಲೇಜಿನ ತಂಡ ಕೋಣೆ ಕಳೆದುಕೊಂಡು, ಒಬ್ಬ ಹುಡುಗನ ಐದನೇ ಮಹಡಿಯ ಮನೆಗೆ ರೋಬೋಟ್ ಹೊತ್ತುಕೊಂಡು ಹೋಗಿತ್ತು. ಲಿಫ್ಟ್ ಇಲ್ಲದ ಮನೆ. ಅಲ್ಲಿ ಕಟ್ಟಿದ ರೋಬೋಟ್ ಅಲ್ಲೇ ಇದೆಯಂತೆ, ಅದರ ಮೇಲೆ ಅವನ ತಾಯಿ ಬಟ್ಟೆ ಒಣಗಿಸುತ್ತಾಳಂತೆ. ರಗ್ದಾ ಮೊದಲ ವರ್ಷದಿಂದ ಈ ಕೋಣೆಯಲ್ಲೇ ಇದ್ದವಳು. ತರಗತಿಗೆ ಹೋಗುವಾಗ "ಹೊರಗೆ ಹೋಗಿ ಬರ್ತೀನಿ" ಎನ್ನುತ್ತಿದ್ದಳು.

ಎಂಥ ಸಿಲಿಂಡರ್ ಬೇಕೆಂದು ಲೆಕ್ಕ ಹಾಕಿದವನು ನಾನು. ತೋಳನ್ನು ಎಸೆಯಲು ಹದಿನೆಂಟು ಕಿಲೋ ಬಲ ಸಾಕು ಎಂದು ಬಂತು. ಸವೆತ, ತಿಕ್ಕಾಟ ಅಂತ ಅದನ್ನು ಇಮ್ಮಡಿ ಮಾಡಿದೆ. ಪುಸ್ತಕದಲ್ಲಿ ಹೇಳಿದ ಸುರಕ್ಷತೆಗಾಗಿ ಇನ್ನೊಮ್ಮೆ ಇಮ್ಮಡಿ. ಪುಸ್ತಕದಲ್ಲಿ ಹೇಳದ ನನ್ನ ಹೆದರಿಕೆಗಾಗಿ ಮತ್ತೊಮ್ಮೆ. ಮನೆಯಲ್ಲಿ ನಾಲ್ಕು ಜನ ನೆಂಟರು ಬಂದರೆ ನನ್ನ ಹೆಂಡತಿ ಅನ್ನಕ್ಕೆ ಇಡುವ ಲೆಕ್ಕವೂ ಇದೇ. ಕೊನೆಗೆ ನೂರ ನಲವತ್ನಾಲ್ಕು ಕಿಲೋ ಆಯಿತು. ಅದಕ್ಕೆ ಒಳವ್ಯಾಸ ಅರವತ್ಮೂರು ಮಿಲಿಮೀಟರಿನ ಸಿಲಿಂಡರ್ ಬೇಕು, ಹೆಚ್ಚುಕಡಿಮೆ ಮಗುವಿನ ತೊಡೆಯಷ್ಟು ದಪ್ಪ. ಲೆಕ್ಕದ ಹಾಳೆಗೆ ಡೀನ್ ಸಹಿಯನ್ನೂ ಹಾಕಿಸಿದ್ದೆ. ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಳೆಯದು ಬೇಕಾದರೆ ಕೈರೋದ ಗುಜರಿ ಪೇಟೆ ಸಬ್ತಿಯ್ಯಾಕ್ಕೆ ಹೋಗಬೇಕು. ಸಬ್ತಿಯ್ಯಾದಲ್ಲಿ ಗಾಳಿ ಸಿಲಿಂಡರ್ ಎಂದರೆ ವಹ್ದಾನ್ ಮೇಸ್ತ್ರಿ, ಅಲ್ಲಿಯವರ ಮಾತಿನಲ್ಲಿ ಉಸ್ತಾ ವಹ್ದಾನ್.

ಉಸ್ತಾ ವಹ್ದಾನ್ ಅವರ ಅಂಗಡಿ ಎರಡು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ. ಅದರಲ್ಲಿ ಸಿಲಿಂಡರುಗಳಿಗೆ ಬಿಟ್ಟು ಉಳಿದ ಜಾಗದಲ್ಲಿ ಅವರು ಕೂರುತ್ತಾರೆ. ಅರವತ್ತು ದಾಟಿದ, ಒಣಕಲು ಮೈಯ ಮನುಷ್ಯ. ನಲವತ್ತು ವರ್ಷ ಕೈರೋದಲ್ಲಿದ್ದರೂ ದಕ್ಷಿಣದ ತಮ್ಮ ಸೊಹಾಗ್ ಕಡೆಯ ಮಾತು ಬಿಟ್ಟವರಲ್ಲ. ಹದಿನೆಂಟರಲ್ಲಿ ಊರು ಬಿಟ್ಟು ಬಂದು ಶುಬ್ರಾದ ಒಂದು ತಂಪು ಪಾನೀಯದ ಕಾರ್ಖಾನೆ ಸೇರಿದರು. ಬಾಟಲಿಗಳ ಪೆಟ್ಟಿಗೆ ಸಾಲಾಗಿ ಬರುವ ಪಟ್ಟಿಯ ಪಕ್ಕದಲ್ಲಿ ನಲವತ್ತು ಸಿಲಿಂಡರುಗಳು, ಎಲ್ಲವೂ ಪೆಟ್ಟಿಗೆಗಳನ್ನು ಪಕ್ಕಕ್ಕೆ ತಳ್ಳುವಂಥವು. ಅವುಗಳ ಉದ್ದಕ್ಕೂ ಓಡಾಡಿ ಕಿವಿಗೊಡುವುದು ವಹ್ದಾನ್ ಅವರ ಕೆಲಸ. ಒಳಗಿನ ರಬ್ಬರ್ ಸೀಲ್ ಸೋರಲು ಶುರುವಾದರೆ ಬುಸುಗುಡುತ್ತದೆ, ಪೂರ್ತಿ ಹೋಗುವ ಮುಂಚೆ ನಿಟ್ಟುಸಿರು ಬಿಡುತ್ತದೆ ಎಂದು ಅವರು ಹೇಳುತ್ತಾರೆ. ಇಪ್ಪತ್ನಾಲ್ಕು ವರ್ಷ ಆ ಗದ್ದಲದಲ್ಲಿ ನಿಟ್ಟುಸಿರು ಕೇಳಿಸಿಕೊಂಡ ಮನುಷ್ಯ.

ಕಾರ್ಖಾನೆ ಮುಚ್ಚಿದಾಗ ಯಂತ್ರಗಳೆಲ್ಲ ಗುಜರಿಗೆ ತೂಕದ ಮೇಲೆ ಹೋದವು. ಕೈಗೆ ಬಂದ ಇಡಿಗಂಟಿನಲ್ಲಿ ವಹ್ದಾನ್ ಆ ನಲವತ್ತನ್ನೂ ಕೊಂಡುಕೊಂಡರು. ಹೆಂಡತಿ ಒಂದು ವಾರ ಮಾತು ಬಿಟ್ಟರು. ಎಂಟನೇ ದಿನ, "ಮಂಚದ ಕೆಳಗಿರೋದನ್ನಾದ್ರೂ ತೆಗೀರಿ," ಎಂದರಂತೆ. ಹಾಗೆ ಅಂಗಡಿ ಶುರುವಾಯಿತು.

ಅಂಗಡಿಯೇನೋ ಶುರುವಾಯಿತು, ಮಾರಾಟ ಶುರುವಾಗಲಿಲ್ಲ. ಗಿರಾಕಿ ಬಂದು ಇಷ್ಟು ಗಾತ್ರದ್ದು ಕೊಡಿ ಎಂದರೆ ವಹ್ದಾನ್ ಕೊಡುವುದಿಲ್ಲ. ಹೆಣ್ಣು ಕೇಳಲು ಬಂದವರನ್ನು ಕೂರಿಸುವ ಹಾಗೆ ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ವಿಚಾರಿಸುತ್ತಾರೆ. ಏನನ್ನು ತಳ್ಳಬೇಕು? ಎಷ್ಟು ದೂರ? ದಿನಕ್ಕೆಷ್ಟು ಸಲ? ತುದಿಯಲ್ಲಿ ಅದನ್ನು ತಡೆಯುವವರು ಯಾರು? ಉತ್ತರ ಸರಿಬರದಿದ್ದರೆ ಇನ್ನೊಂದು ಚಹಾ ಕೊಟ್ಟು ಕಳಿಸುತ್ತಾರೆ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಅಳಿಯಂದಿರನ್ನು ಇದರ ಅರ್ಧದಷ್ಟೂ ವಿಚಾರಿಸಲಿಲ್ಲ ಎಂದು ಹೆಂಡತಿಯ ದೂರು.

ಎದುರಿಗೆ ಬೇರಿಂಗು, ಬೆಲ್ಟು, ಸಿಕ್ಕರೆ ಸಿಲಿಂಡರನ್ನೂ ಮಾರುವ ಫಾಯೆಕ್ ಎಂಬವರ ಅಂಗಡಿ. ನಾವು ಹೋದಾಗ ಅವರು ಬಾಗಿಲಲ್ಲೇ ಕೂತಿದ್ದರು. ನಮ್ಮನ್ನು ನೋಡಿ, "ವಹ್ದಾನ್ ಹತ್ರ ಹೋಗ್ತಿದೀರಾ? ಹೋಗಿ ಹೋಗಿ. ಅವನು ಬೇಡ ಅಂದಮೇಲೆ ಇಲ್ಲಿಗೇ ಬರ್ತೀರಿ. ಅವನ ಪುಣ್ಯದಿಂದ ನನ್ನ ಮೂರು ಮಕ್ಕಳು ಓದಿ ಮುಗಿಸಿದ್ರು," ಎಂದರು.

"ಅವನ ಮಾತ ಹಚ್ಚಿಕೋಬ್ಯಾಡ್ರಿ," ಎಂದು ಒಳಗಿನಿಂದ ದನಿ ಬಂತು. "ಬರ್ರಿ, ಕೂಡ್ರಿ."

ಕೂರಲು ಇದ್ದದ್ದು ಎರಡು ಬಾಟಲಿ ಪೆಟ್ಟಿಗೆ. ಒಂದರ ಮೇಲೆ ರಗ್ದಾ, ಒಂದರ ಮೇಲೆ ನಾನು. ಕಿರೋಲ್ಲೋಸ್ ನಿಂತ. ಅಟ್ಟಣಿಗೆಯ ಮೇಲೆ ನನಗೆ ಬೇಕಾದ ಅರವತ್ಮೂರು ಮಲಗಿತ್ತು. ನೋಡಿದ ತಕ್ಷಣ ಗುರುತು ಹಿಡಿದೆ.

"ಉಸ್ತಾ, ಅರವತ್ಮೂರರದ್ದು, ರಾಡು ಇನ್ನೂರು ಮಿಲಿಮೀಟರ್ ಓಡೋದು ಬೇಕು. ಅದೇ, ಅಲ್ಲಿದೆಯಲ್ಲ."

"ನಾ ಅಳತಿ ಕೇಳಿಲ್ರಿ ಡಾಕ್ಟರ. ಕೆಲಸ ಏನಂತ ಹೇಳ್ರಿ, ಅಳತಿ ನಾ ಹೇಳ್ತೀನಿ."

"ಚೆಂಡು ಎಸೀಬೇಕು ಉಸ್ತಾ," ಎಂದಳು ರಗ್ದಾ. "ಒಂದೂವರೆ ಮೀಟರ್ ಗೋಡೆ ಆಚೆಗೆ, ಬುಟ್ಟಿಗೆ. ಮೂರು ನಿಮಿಷದಲ್ಲಿ ಹತ್ತು ಚೆಂಡು."

"ಚೆಂಡಿನ ಭಾರ?"

"ಅರ್ಧ ಕಿಲೋ."

ವಹ್ದಾನ್ ಅಟ್ಟಣಿಗೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಇದು ನಮ್ಮ ಕಾರ್ಖಾನ್ಯಾಗ ತುಂಬಿದ ಬಾಟ್ಲಿ ಪೆಟಗಿ ಮೂರ ಒಮ್ಮೆಲೆ ದೂಡ್ತಿತ್ತು. ನಿಮ್ಮ ಚೆಂಡಿನ್ಯಾಗ ಏನ ತುಂಬೀರಿ?"

"ಸುರಕ್ಷತೆಯ ಲೆಕ್ಕ ಅದು," ಎಂದೆ. "ತಿಕ್ಕಾಟ, ಸವೆತ ಎಲ್ಲ ಸೇರಿಸಿ. ಡೀನ್ ಅವರ ಸಹಿಯೂ ಆಗಿದೆ."

"ಸಹಿ ಎಷ್ಟ ಕಿಲೋ ದೂಡ್ತೈತ್ರಿ?"

ಕಿರೋಲ್ಲೋಸ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ಆ ಕೆಮ್ಮಿಗೆ ಅವನ ಆಂತರಿಕ ಅಂಕಗಳಲ್ಲಿ ಒಂದನ್ನು ಕಡಿಮೆ ಮಾಡಬೇಕೆಂದು ನಾನು ನೆನಪಿಟ್ಟುಕೊಂಡೆ. ಆಮೇಲೆ ಮರೆತೆ.

"ಹೋಗಲಿ," ಎಂದರು ವಹ್ದಾನ್. "ಗಾಳಿ ಎಲ್ಲಿಂದ ಬರ್ತೈತಿ?"

"ಕಂಪ್ರೆಸರ್‌ನಿಂದ," ಎಂದೆ. ಸುಲಭದ ಪ್ರಶ್ನೆ ಬಂದಿತಲ್ಲ ಎಂಬ ಸಮಾಧಾನ ನನ್ನ ದನಿಯಲ್ಲಿತ್ತು.

ರಗ್ದಾ ನೆಲ ನೋಡಿದಳು. "ಅದು ಕಾಲೇಜಲ್ಲಿ, ಡಾಕ್ಟ್ರೇ. ಸ್ಪರ್ಧೇಲಿ ಕಂಪ್ರೆಸರ್ ಬಿಡಲ್ಲ. ರೋಬೋಟ್ ಮೇಲೆ ಕಟ್ಟಿರೋ ಸೋಡಾ ಬಾಟ್ಲಿಗಳು ಮಾತ್ರ. ಮೂರು ಬಾಟ್ಲಿ."

ಅದು ನಿಯಮದ ಪುಸ್ತಕದ ಒಂಬತ್ತನೇ ಪುಟದಲ್ಲಿತ್ತು. ಆ ಪುಟ ಓದಿ ಪಕ್ಕದಲ್ಲಿ ಸರಿ ಗುರುತು ಹಾಕಿದವನೂ ನಾನೇ. ಆದರೆ ಕೋಣೆಯಲ್ಲಿ ಕಂಪ್ರೆಸರ್ ಹಗಲಿಡೀ ಗುರುಗುಟ್ಟುತ್ತಿರುತ್ತದೆ. ಎಷ್ಟು ಸಲ ಎಸೆದರೂ ಅದು ತುಂಬಿಕೊಡುತ್ತಿರುತ್ತದೆ. ಹಾಗಾಗಿ ಗಾಳಿ ಎಂಬುದು ಮುಗಿಯುವ ವಸ್ತು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಎರಡು ವರ್ಷ ಮೊದಲ ಸುತ್ತಿನಲ್ಲೇ ಸೋತಾಗಲೂ ನಾವು ತೋಳಿನ ಉದ್ದ ಬದಲಿಸಿದ್ದೆವು, ಮೋಟಾರು ಬದಲಿಸಿದ್ದೆವು, ಒಮ್ಮೆ ಬಣ್ಣವನ್ನೂ ಬದಲಿಸಿದ್ದೆವು.

"ಬಾಟ್ಲಿ ಕಟ್ಟಿ ಎಷ್ಟ ಸಲ ಹೊಡದ ನೋಡೀರಿ?"

"ಒಂದು ಸಲ," ಎಂದ ಕಿರೋಲ್ಲೋಸ್.

"ಹೆಂಗ ಹೋತು?"

"ಸೂಪರ್ ಆಗಿ ಹೋಯ್ತು."

"ಒಂದಕ್ಕ ಎಲ್ಲಾರೂ ಚಂದಾನ," ಎಂದು ವಹ್ದಾನ್ ಎದ್ದರು.

ಅಟ್ಟಣಿಗೆಯಿಂದ ಅರವತ್ಮೂರನ್ನು ಇಳಿಸಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರು. ಅದರ ಪಕ್ಕದಲ್ಲಿ ಇಪ್ಪತ್ತೈದರ ಒಂದನ್ನು ನಿಲ್ಲಿಸಿದರು. ಅದು ರೊಟ್ಟಿ ಲಟ್ಟಿಸುವ ಕೋಲಿನಷ್ಟೇ ಇತ್ತು. ಎರಡು ಲೀಟರಿನ ಸೋಡಾ ಬಾಟಲಿಯೊಂದಕ್ಕೆ ಒತ್ತಡ ತೋರಿಸುವ ಮುಳ್ಳಿನ ಗಡಿಯಾರ, ಅದಕ್ಕೊಂದು ಕಾಲಿನಲ್ಲಿ ತುಳಿಯುವ ಸೈಕಲ್ ಪಂಪು ಜೋಡಿಸಿದರು. ಅಂಗಡಿಯ ಕಂಪ್ರೆಸರ್ ಮೂಲೆಯಲ್ಲೇ ಇತ್ತು. ಅದನ್ನು ಅವರು ಮುಟ್ಟಲಿಲ್ಲ.

"ಡಾಕ್ಟರ, ನೀವ ತುಳೀರಿ. ಮುಳ್ಳು ನಾಕಕ್ಕ ಬರೂತನಾ."

"ನಾನಾ?"

"ಲೆಕ್ಕ ನಿಮ್ಮದಲ್ರಿ?"

ತುಳಿದೆ. ನನ್ನ ತೂಕ ಪಂಪಿಗೆ ಅನುಕೂಲವಾಗಿಯೂ ನನಗೆ ಪ್ರತಿಕೂಲವಾಗಿಯೂ ಇತ್ತು. ಮುಳ್ಳು ನಾಲ್ಕಕ್ಕೆ ಬಂತು. ವಹ್ದಾನ್ ಕಿಸೆಯಿಂದ ಒಂದು ನಿಂಬೆಹಣ್ಣು ತೆಗೆದು ಅರವತ್ಮೂರರ ರಾಡಿನ ತುದಿಯಲ್ಲಿಟ್ಟು ವಾಲ್ವ್ ತಿರುಗಿಸಿದರು. ರಾಡು, ಊಟವಾದ ಮೇಲೆ ನಾನು ಸೋಫಾದಿಂದ ಏಳುವ ಹಾಗೆ, ಎದ್ದಿತು. ನಿಂಬೆಹಣ್ಣನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿ ನಿಂತಿತು. ಮುಳ್ಳು ಮೂರರ ಕೆಳಗಿಳಿದಿತ್ತು.

"ಮತ್ತ ನಾಕಕ್ಕ ತರ್ರಿ."

ರಗ್ದಾ ಎಣಿಸಿದಳು. ಇಪ್ಪತ್ನಾಲ್ಕು ತುಳಿತ. ವಾಲ್ವ್ ತಿರುಗಿತು, ನಿಂಬೆಹಣ್ಣು ಮತ್ತೆ ಮೆಲ್ಲಗೆ ದರ್ಶನ ಕೊಟ್ಟಿತು, ಮುಳ್ಳು ಮತ್ತೆ ಬಿತ್ತು. ಮತ್ತೆ ಇಪ್ಪತ್ನಾಲ್ಕು. ಮೂರನೆಯ ಸಲಕ್ಕೆ ಹದಿನಾರರಲ್ಲಿ ನಾನು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಎದುರಂಗಡಿಯಿಂದ ಫಾಯೆಕ್, "ಡಾಕ್ಟರ್ ಸಾಹೇಬ್ರೇ, ವ್ಯಾಯಾಮಕ್ಕೆ ಅವನು ಕಾಸು ತಗೊಳ್ಳಲ್ಲ, ದಿನಾ ಬನ್ನಿ," ಎಂದು ಕೂಗಿದರು.

"ಮೂರಕ್ಕ ಕುಂತ್ರಿ," ಎಂದರು ವಹ್ದಾನ್. "ಇನ್ನ ಏಳು ಚೆಂಡ ಅದಾವ."

ಅನಂತರ ಕಿರೋಲ್ಲೋಸ್ ತುಳಿದು ಮುಳ್ಳನ್ನು ನಾಲ್ಕಕ್ಕೆ ತಂದ. ನಿಂಬೆಹಣ್ಣು ತೆಳುವಾದ ಸಿಲಿಂಡರಿನ ಮೇಲೆ ಕೂತಿತು. ವಾಲ್ವ್ ತಿರುಗಿದ್ದಷ್ಟೇ ಕಂಡದ್ದು. ನಿಂಬೆಹಣ್ಣು ಕಾಣಲಿಲ್ಲ. ಫಾಯೆಕ್ ಅವರ ಅಂಗಡಿಯ ಮೇಲ್ಚಾಚಿನ ತಗಡು ಢಣ್ ಎಂದಿತು.

"ಏ ವಹ್ದಾನ್! ಇವತ್ತು ತರಕಾರಿ ವ್ಯಾಪಾರಾನಾ?"

ಮುಳ್ಳು ಕೂದಲೆಳೆಯಷ್ಟು ಅಲುಗಿತ್ತು. ನಾಲ್ಕು ತುಳಿತಕ್ಕೆ ತನ್ನ ಜಾಗಕ್ಕೆ ಬಂತು.

"ದಪ್ಪಂದಕ್ಕ ಶಕ್ತಿ ಐತಿ, ಇಲ್ಲ ಅನ್ನಂಗಿಲ್ಲ," ಎಂದರು ವಹ್ದಾನ್. "ಆದ್ರ ಅದರ ಹೊಟ್ಟಿ ತುಂಬೂದು ತಡಾ. ತಡಾ ಆದ್ರ ಎಸೆಯೂದಿಲ್ಲ, ಎತ್ತತೈತಿ ಅಷ್ಟ. ನಿಮ್ಮ ಮೂರ ಬಾಟ್ಲಿ ಗಾಳಿ ನಾಕನೇ ಚೆಂಡಿಗೆ ಅರ್ಧ ಕುಡದ ಮುಗಿಸ್ತೈತಿ. ಐದನೇದು ಗೋಡೆಗೆ ಹೋಗಿ ಬಡೀತೈತಿ."

ಹೋದ ವರ್ಷ ನಮ್ಮ ಐದನೇ ಚೆಂಡು ಗೋಡೆಗೇ ಬಡಿದಿತ್ತು. ಯಾರೂ ಅವರಿಗೆ ಹೇಳಿರಲಿಲ್ಲ.

ನಾನು ಆದರೂ ಬಿಡಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವನು ಒಂದು ನಿಂಬೆಹಣ್ಣಿಗೆ ಸೋಲುವುದು ಹೇಗೆ? "ತೆಳುವಾದದ್ದಕ್ಕೆ ಬಲ ಸಾಲದಿದ್ರೆ?" ಎಂದೆ.

"ಡಾಕ್ಟ್ರೇ," ಎಂದಳು ರಗ್ದಾ, ಮೆಲ್ಲಗೆ. "ನೀವು ಮೊದಲು ಹದಿನೆಂಟು ಕಿಲೋ ಅಂತ ತೆಗೆದ್ರಲ್ಲ, ಅದು ಸರಿ ಇತ್ತು. ಇದು ನಾಲ್ಕರ ಒತ್ತಡದಲ್ಲಿ ಹತ್ತೊಂಬತ್ತು ಕೊಡತ್ತೆ. ಆಮೇಲೆ ಇಮ್ಮಡಿ ಮಾಡಿದ್ದೇ ಜಾಸ್ತಿಯಾಯ್ತು. ನಮ್ಮ ಕೋಣೆ ಉಳೀಬೇಕು ಡಾಕ್ಟ್ರೇ. ನಾನು ಇದನ್ನೇ ತಗೋತೀನಿ."

ನಾನು ಒಪ್ಪಿದೆ ಎಂದು ಹೇಳಲಾರೆ. ಉಸಿರು ಸರಿಹೋಗುವಷ್ಟರಲ್ಲಿ ಒಪ್ಪಿಗೆ ಆಗಿಹೋಗಿತ್ತು.

ವಹ್ದಾನ್ ಆ ಇಪ್ಪತ್ತೈದನ್ನು ಹಾಗೇ ಕೊಡಲಿಲ್ಲ. ಎರಡೂ ಬಾಯಿಗಳನ್ನು ಹೆಬ್ಬೆರಳುಗಳಿಂದ ಮುಚ್ಚಿ ಹಿಡಿದು, ರಾಡನ್ನು ಎಳೆಯಲು ಕಿರೋಲ್ಲೋಸನಿಗೆ ಹೇಳಿದರು. ಅವನು ಎಳೆದು ಬಿಟ್ಟ. ರಾಡು ತಾನಾಗಿ ಒಳಗೆ ಸರಿದು ತನ್ನ ಜಾಗಕ್ಕೆ ಹೋಯಿತು. "ಸೀಲ್ ಗಟ್ಟಿ ಐತಿ. ಹನ್ನೆರಡನೇ ನಂಬರಿನವ ಇಂವ. ಕಾರ್ಖಾನ್ಯಾಗ ಒಮ್ಮೆನೂ ರಜಾ ಹಾಕಿಲ್ಲ." ಕಾಗದದಲ್ಲಿ ಸುತ್ತಿ ರಗ್ದಾಳ ಕೈಗಿಟ್ಟರು. ಆಮೇಲೆ ಅವರ ಮುಖ ಬದಲಾಯಿತು. "ತುದಿಗೆ ಇವನನ್ನ ತಡೆಯೂರು ಯಾರು?"

"ಅಂದ್ರೆ?"

"ಓಡೋಡಿ ಹೋಗ್ತಾನ. ಕಡೀಕ ತನ್ನ ಮುಚ್ಚಳಕ್ಕ ತಾನ ಬಡಕೋತಾನ. ಹೊರಗ ಒಂದು ರಬ್ಬರ್ ಗಟ್ಟಿ ಇಡ್ರಿ, ತೋಳು ಅದಕ್ಕ ಬಡೀಲಿ. ಇವಗ ಪೆಟ್ಟ ಬೀಳಬಾರದು." ಆಮೇಲೆ, "ನಾ ಬಂದ ನೋಡ್ತೀನಿ," ಎಂದರು.

ಅವರು ನಿಜವಾಗಿಯೂ ಬಂದರು. ಮಂಗಳವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಯಾರನ್ನು ನೋಡಬೇಕೆಂದು ಕೇಳಿದಾಗ "ಹನ್ನೆರಡನೇ ನಂಬರಿನವನ್ನ" ಎಂದು ಹೇಳಿ, ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದರು. ನಾನೇ ಹೋಗಿ ಕರೆತಂದೆ. ಕೋಣೆಗೆ ಬಂದವರು ರೋಬೋಟನ್ನು ನೋಡಲಿಲ್ಲ. ಮೊದಲು ಕಂಪ್ರೆಸರಿನ ಬಳಿ ಹೋಗಿ ಅದರ ಪ್ಲಗ್ ಕಿತ್ತರು. ಎರಡು ವರ್ಷದಲ್ಲಿ ಮೊದಲ ಸಲ ಆ ಕೋಣೆ ನಿಶ್ಶಬ್ದವಾಯಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರದೋ ಮನೆಗೆ ಬಂದವರ ಹಾಗೆ.

"ಈಗ ಬಾಟ್ಲಿ ಕಟ್ಟಿ ಹೊಡೀರಿ."

ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತ ಕೂತರು. ಮೂರನೇ ಎಸೆತಕ್ಕೆ ಎದ್ದು ಹೋಗಿ ಒಂದು ಕೊಳವೆಯ ಸಂದಿಗೆ ಬೆರಳಿಟ್ಟರು. ಅಲ್ಲಿ ಸೋರುತ್ತಿತ್ತು. ನಮಗೆ ಕೇಳಿಸಿರಲಿಲ್ಲ. ಆಮೇಲೆ ಸುರುಳಿ ಸುತ್ತಿದ್ದ ಎರಡು ಮೀಟರ್ ಪ್ಲಾಸ್ಟಿಕ್ ಕೊಳವೆಯನ್ನು ಎತ್ತಿ ಹಿಡಿದರು.

"ಇದು ಯಾಕ ಇಷ್ಟ ಉದ್ದ?"

"ಮುಂದೆ ಬೇಕಾದ್ರೆ ಇರಲಿ ಅಂತ," ಎಂದೆ. ಅದು ನನ್ನ ಸಲಹೆಯಾಗಿತ್ತು.

"ಪ್ರತಿ ಸಲ ಇದರ ಹೊಟ್ಟಿನೂ ತುಂಬಬೇಕಲ್ರಿ ಡಾಕ್ಟರ." ಚಾಕುವಿನಿಂದ ಗೇಣುದ್ದ ಬಿಟ್ಟು ಉಳಿದದ್ದನ್ನು ಕತ್ತರಿಸಿದರು. ತೋಳು ವಾಪಸ್ ಬರುವುದಕ್ಕೂ ನಾವು ಗಾಳಿ ಕೊಡುತ್ತಿದ್ದೆವು. ಅದನ್ನೂ ಬಿಡಿಸಿದರು. "ಕೆಳಗ ಬರೂದು ಅದರ ಭಾರಕ್ಕ ತಾನ ಬರ್ತೈತಿ. ಬರೂರಿಗೂ ಗಾಡಿ ಕಳಸ್ತೀರೇನು?"

ಹೀಗೆ ನನ್ನ ವಿನ್ಯಾಸದಲ್ಲಿ ನನ್ನದೆಂದು ಉಳಿದದ್ದು ತೋಳಿನ ಬಣ್ಣ ಮಾತ್ರ.

ಸ್ಪರ್ಧೆ ಶುಕ್ರವಾರ, ನಸ್ರ್ ಸಿಟಿಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಹದಿನೆಂಟು ತಂಡಗಳು. ವಹ್ದಾನ್ ನಮಾಜು ಮುಗಿಸಿ ಇಸ್ತ್ರಿ ಮಾಡಿದ ಬಿಳಿ ಗಲಾಬಿಯ್ಯಾ ನಿಲುವಂಗಿ ತೊಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಕೈಯಲ್ಲಿ ಹುರಿದ ಕಲ್ಲಂಗಡಿ ಬೀಜದ ಪೊಟ್ಟಣ. ನಮಗಿಂತ ಮೊದಲಿನ ತಂಡದ ರೋಬೋಟಿನಲ್ಲಿ ಹೊಚ್ಚಹೊಸ ದಪ್ಪ ಸಿಲಿಂಡರುಗಳು ಎರಡಿದ್ದವು, ಕನ್ನಡಿಯಂತೆ ಹೊಳೆಯುತ್ತಿದ್ದವು. ಅದರ ಮೊದಲ ಚೆಂಡು ಗೋಡೆ ದಾಟಿ ಬುಟ್ಟಿಗೆ ಬಿದ್ದಾಗ ಜನ ಎದ್ದು ನಿಂತು ಕೂಗಿದರು.

"ಒಂದಕ್ಕ," ಎಂದು ವಹ್ದಾನ್ ಒಂದು ಬೀಜ ಒಡೆದರು.

ನಾಲ್ಕನೆಯದು ಬುಟ್ಟಿಯ ಅಂಚಿಗೆ ತಗುಲಿತು. ಐದನೆಯದು ಗೋಡೆಗೆ. ಏಳನೆಯದಕ್ಕೆ ತೋಳು ಅರ್ಧ ಎದ್ದು, ಏನೋ ಮರೆತಂತೆ ನಿಂತು, ವಾಪಸ್ ಕೂತಿತು. ಆ ತಂಡದ ಮಾರ್ಗದರ್ಶಕರು ಹಣೆಗೆ ಕೈ ಹಚ್ಚಿಕೊಂಡು ಕುಸಿದರು. ಇಮ್ಮಡಿಯ ಮೇಲೆ ಇಮ್ಮಡಿ ಮಾಡಿದವರ ಮುಖ ನನಗೆ ದೂರದಿಂದಲೇ ಗುರುತು ಸಿಗುತ್ತದೆ.

ನಮ್ಮ ಸರದಿ ಕೊನೆಯದು. ಫಲಕದಲ್ಲಿ ಆರನೇ ಜಾಗದಲ್ಲಿದ್ದವರು ಎಂಟು ಚೆಂಡು ಹಾಕಿದ್ದರು. ಅಂದರೆ ನಮಗೆ ಒಂಬತ್ತು ಬೇಕು. ಒಂಬತ್ತಾದರೆ ಕೋಣೆ, ಎಂಟಾದರೆ ಬೀಗದ ಕೈ. ರಗ್ದಾ ವಾಲ್ವಿನ ಗುಂಡಿ ಹಿಡಿದು ನಿಂತಳು. ಕಿರೋಲ್ಲೋಸ್ ಚೆಂಡು ಇಡುವವನು.

ಮೊದಲ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು.

"ಮುಗೀತು," ಎಂದೆ.

"ಯಾಕ್ರಿ?"

"ಇನ್ನು ಒಂಬತ್ತಕ್ಕೆ ಒಂಬತ್ತೂ ಬೀಳಬೇಕು ಉಸ್ತಾ."

"ಗಾಳಿ ಹಂಗ ಐತಿ. ಹುಡುಗಿ ಒಂದ ಬೊಟ್ಟು ಹಿಂದ ಸರದ್ರ ಸಾಕು."

ಕೂಗಿ ಹೇಳುವಂತಿರಲಿಲ್ಲ, ಹೇಳಿದರೂ ಆ ಗದ್ದಲದಲ್ಲಿ ಕೇಳುತ್ತಿರಲಿಲ್ಲ. ಆದರೆ ರಗ್ದಾ ಕುಕ್ಕರಗಾಲಲ್ಲಿ ಕೂತು ಬುಟ್ಟಿಯ ಅಂಚನ್ನು ಒಮ್ಮೆ ನೋಡಿದಳು. ರೋಬೋಟನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು. ಎರಡನೆಯದು ಬಿತ್ತು. ಮೂರನೆಯದೂ. ನಾಲ್ಕು, ಐದು, ಆರು. ಚೆಂಡುಗಳು ಒಂದೇ ದಾರಿಯಲ್ಲಿ, ಒಂದೇ ಎತ್ತರದಲ್ಲಿ ಹೋಗಿ ಬೀಳುತ್ತಿದ್ದವು. ನೋಡುವವರಿಗೆ ಬೇಸರವಾಗುವಷ್ಟು ಒಂದೇ ಥರ. ಮೊದಲಿನ ತಂಡಕ್ಕೆ ಕೂಗಿದ ಜನ ನಮಗೆ ಕೂಗಲಿಲ್ಲ, ಆಕಳಿಸಿದರು. ಏಳನೆಯದಕ್ಕೆ ನಾನು ಕಣ್ಣು ಮುಚ್ಚಿದೆ. ವಹ್ದಾನ್ ಮೊದಲಿನಿಂದಲೂ ನೆಲವನ್ನೇ ನೋಡುತ್ತ, ಒಂದು ಕಿವಿಯನ್ನು ಅಂಕಣದ ಕಡೆ ಮಾಡಿ ಕೂತಿದ್ದರು. ಎಂಟನೆಯದಾದ ಮೇಲೆ ಬೀಜ ಒಡೆಯುವುದನ್ನು ನಿಲ್ಲಿಸಿದರು. ಪೊಟ್ಟಣ ಮುದುಡಿ ಕೈಯಲ್ಲಿ ಹಿಡಿದುಕೊಂಡರು. ಒಂಬತ್ತನೆಯದು ಅಂಚಿನ ಮೇಲೆ ಒಂದು ಸುತ್ತು ಉರುಳಿ ಒಳಗೆ ಬಿತ್ತು. ಹತ್ತನೆಯದನ್ನು ಕಿರೋಲ್ಲೋಸ್ ಎರಡು ಸಲ ಇಟ್ಟ, ಮೊದಲ ಸಲ ಜಾರಿತ್ತು. ಹನ್ನೊಂದು ಸೆಕೆಂಡು ಉಳಿದಿತ್ತು. ರಗ್ದಾ ಗುಂಡಿ ಒತ್ತಿದಳು.

ಬಿತ್ತು.

ನಾನು ಎದ್ದು ವಹ್ದಾನ್ ಅವರನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟೆ. ಅವರು ಮುಖ ಒರೆಸಿಕೊಂಡು, "ಬಾಟ್ಲ್ಯಾಗ ಇನ್ನ ಎರಡ ಚೆಂಡಿನಷ್ಟ ಗಾಳಿ ಉಳದೈತಿ. ಸುಮ್ನ ವ್ಯರ್ಥ," ಎಂದರು. ಆದರೆ ಪೊಟ್ಟಣ ಅವರ ಮುಷ್ಟಿಯಲ್ಲಿ ಪುಡಿಯಾಗಿತ್ತು. ಬೀಜಗಳು ಬಿಳಿ ಗಲಾಬಿಯ್ಯಾದ ತುಂಬ ಚೆಲ್ಲಿದ್ದವು, ಅದು ಅವರಿಗೆ ಗೊತ್ತಾಗಿರಲಿಲ್ಲ.

ಆರನೇ ಸ್ಥಾನ. ಬಹುಮಾನವಿಲ್ಲ, ಟ್ರೋಫಿ ಇಲ್ಲ, ಒಂದು ಪ್ರಮಾಣಪತ್ರ. ಅದರಲ್ಲಿ ಕಾಲೇಜಿನ ಹೆಸರು ತಪ್ಪಾಗಿತ್ತು. ಶನಿವಾರ ಬೆಳಿಗ್ಗೆ ಹದಿನೇಳನೇ ಕೋಣೆಯ ಹೊರಗೆ ಕಂಟ್ರೋಲ್‌ನವರ ಎರಡು ಕಬ್ಬಿಣದ ಬೀರುಗಳು ಆಗಲೇ ಬಂದು ನಿಂತಿದ್ದವು. ಡೀನ್ ಅವನ್ನು ವಾಪಸ್ ಹೊರಿಸಿದರು. ತಾವು ಮೊದಲಿನಿಂದಲೂ ಈ ಹುಡುಗರನ್ನು ನಂಬಿದ್ದಾಗಿ ಹೇಳಿದರು. ಒಂದು ತಟ್ಟೆ ಬಸ್ಬೂಸಾ ಸಿಹಿ ತರಿಸಿದರು. ಕಾಲೇಜು ಪತ್ರಿಕೆಯ ಛಾಯಾಗ್ರಾಹಕನನ್ನೂ ಕರೆದುಕೊಂಡು ಬಂದಿದ್ದರು. ನಾನು ಟೈ ಇಲ್ಲದೆ ಪಕ್ಕದಲ್ಲಿ ನಿಂತೆ. ವಹ್ದಾನ್ ಅವರನ್ನು ರಗ್ದಾ ಅಂಗಡಿಯಿಂದ ಎಳೆದು ತಂದಿದ್ದಳು. ಅವರು ರೋಬೋಟಿನ ಪಕ್ಕದಲ್ಲಿ ಕೂತು ಹನ್ನೆರಡನೇ ನಂಬರಿನ ಸಿಲಿಂಡರನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ಡೀನ್ ನನ್ನ ಲೆಕ್ಕದ ಹಾಳೆಯನ್ನು ಕೈಯಲ್ಲಿ ಹಿಡಿದಿದ್ದರು. ಅದರ ಕೆಳಗೆ ತಮ್ಮದೇ ಸಹಿ ಇದ್ದದ್ದರಿಂದ ಬಹಳ ಹೊತ್ತು ಅದನ್ನು ಮಡಚುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಛಾಯಾಗ್ರಾಹಕನಿಗೂ ಕೇಳುವಂತೆ ವಿಚಾರಿಸಿದರು:

"ಉಸ್ತಾ, ಲೆಕ್ಕ ಅರವತ್ಮೂರು ಅನ್ನುತ್ತೆ, ಡಾಕ್ಟರ್ ಹಿಲ್ಮಿ ಅರವತ್ಮೂರು ಅಂತಾರೆ, ನಾನು ಸಹಿ ಹಾಕಿದ್ದೂ ಅರವತ್ಮೂರಕ್ಕೆ. ಇಷ್ಟು ಜನ ವಿದ್ವಾಂಸರನ್ನ ಮೀರಿ, ಇಪ್ಪತ್ತೈದನ್ನೇ ಕೊಡಬೇಕು ಅಂತ ನೀವು ಹೇಗೆ ತೀರ್ಮಾನ ಮಾಡಿದ್ರಿ?"

ವಹ್ದಾನ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ದಪ್ಪಂದು ಮಾರಾಟಾಗಿತ್ರಿ. ರೊಟ್ಟಿ ಭಟ್ಟಿಯವರು ಇವರು ಬರೂ ಹಿಂದಿನ ದಿನಾನ ಮುಂಗಡ ಕೊಟ್ಟ ಹೋಗಿದ್ರು."